ಬಂಟು ನುಡಿಗಳ ನೆಂಟಸ್ತಿಕೆ

ಹೊಸೂರಿನ ಸಂತೆಯಲ್ಲಿ ಒಬ್ಬ ಕನ್ನಡಿಗನು 'ಮೂಣು' ಎಂಬ ಮಾತನ್ನು ಕೇಳಿದರೆ ಅದು ತನ್ನ 'ಮೂರು' ಎಂಬುದೇ ಎಂದು ಯಾರೂ ಹೇಳಿಕೊಡದೆಯೇ ತಿಳಿದುಕೊಳ್ಳುತ್ತಾನೆ. ಅನಂತಪುರದ ಕಡೆ ಅದು 'ಮೂಡು'. ಮಂಗಳೂರಿನ ತುಳುವರ ಬಾಯಲ್ಲಿ 'ಮೂಜಿ'. ಮಾತು ಬೇರೆಯಾದರೂ ಮನೆತನ ಒಂದೇ ಎಂಬ ಈ ಅನುಭವ ನಮಗೆ ಎಷ್ಟು ಸಹಜವಾಗಿದೆಯೆಂದರೆ, ಅದರಲ್ಲಿ ಅಚ್ಚರಿಪಡತಕ್ಕದ್ದು ಏನಾದರೂ ಇದೆಯೆಂದು ನಮಗೆ ಅನ್ನಿಸುವುದೇ ಇಲ್ಲ.

ಈಗ ಆಫ್ರಿಕದ ಭೂಪಟವನ್ನು ಮನಸ್ಸಿಗೆ ತಂದುಕೊಳ್ಳಿ. ಪಶ್ಚಿಮ ಕರಾವಳಿಯು ಕಂಕುಳಿನಂತೆ ಒಳಕ್ಕೆ ಬಾಗುವ ಮೂಲೆಯಲ್ಲಿ ಕ್ಯಾಮರೂನ್ ದೇಶವಿದೆ. ಅಲ್ಲಿನ ಡುವಾಲ ಭಾಷೆಯಲ್ಲಿ ಮೂರಕ್ಕೆ 'ಲಾಲೊ' ಎನ್ನುತ್ತಾರೆ. ಕಾಂಗೋ ನದಿಯ ಮುಖದ ಕಡೆಗೆ ಬಂದರೆ ಕಾಂಗೋ ಭಾಷೆಯವರು 'ತಾತು' ಎನ್ನುತ್ತಾರೆ. ಅದೇ ನದಿಯ ಮೇಲೆ ಸಾಗಿದರೆ ಲಿಂಗಾಲದಲ್ಲಿ 'ಮಿಸಾತೊ'. ವಿಕ್ಟೋರಿಯಾ ಸರೋವರದ ದಡದ ಗಾಂಡಾ ಭಾಷೆಯಲ್ಲಿ 'ಸಾತು', ಜಾಂಜಿಬಾರಿನ ಸ್ವಾಹಿಲಿಯಲ್ಲಿ 'ತಾತು', ಜಿಂಬಾಬ್ವೆಯ ಶೋನಾದಲ್ಲಿ 'ತಾತು', ನೇಟಾಲಿನ ಜೂಲು ಜನರಲ್ಲಿ 'ಥಾಥು', ಅವರ ನೆರೆಯ ಸೋಥೋ ಜನರಲ್ಲಿ 'ರಾರೊ'. ಕ್ಯಾಮರೂನಿನಿಂದ ನೇಟಾಲಿಗೆ ಹಕ್ಕಿಯ ದಾರಿಯಲ್ಲಿ ಅಳೆದರೂ 4,000 ಕಿಲೋಮೀಟರಿಗೆ ಕಡಿಮೆಯಿಲ್ಲ. ನಡುವೆ ಇರುವುದು ಜಗತ್ತಿನ ಅತಿ ದಟ್ಟವಾದ ಅರಣ್ಯಗಳಲ್ಲಿ ಒಂದು, ದೊಡ್ಡ ದೊಡ್ಡ ನದಿಗಳು, ಸಮುದ್ರದಂಥ ಸರೋವರಗಳು. ಈ ಜನರೆಲ್ಲರನ್ನೂ ಒಟ್ಟಿಗೆ ಆಳಿದ ಸಾಮ್ರಾಜ್ಯ ಯಾವುದೂ ಇರಲಿಲ್ಲ. ಎಲ್ಲರಿಗೂ ಸಮಾನವಾದ ಧರ್ಮಗ್ರಂಥವಿರಲಿಲ್ಲ. ಅರಬ್ಬಿ ಲಿಪಿಯನ್ನು ಬಳಸಿದ ಸ್ವಾಹಿಲಿಯಂಥ ಕೆಲವನ್ನು ಬಿಟ್ಟರೆ ಇವುಗಳಲ್ಲಿ ಹೆಚ್ಚಿನವು 19ನೆಯ ಶತಮಾನದವರೆಗೆ ಬರಹವನ್ನೇ ಕಂಡಿರಲಿಲ್ಲ. ಹೀಗಿರುವಲ್ಲಿ ಮೂರು ಎಂಬ ಒಂದು ಸಣ್ಣ ಮಾತು ಇಷ್ಟು ದೂರವನ್ನು ಹೇಗೆ ಕ್ರಮಿಸಿತು?

ಮೂರು ಮಾತ್ರವಲ್ಲ. ಮರಕ್ಕೆ ಸ್ವಾಹಿಲಿಯಲ್ಲಿ 'ಮ್ತಿ', ಗಾಂಡಾದಲ್ಲಿ 'ಒಮುತಿ', ಶೋನಾದಲ್ಲಿ 'ಮುತಿ', ಜೂಲುವಿನಲ್ಲಿ 'ಉಮುಥಿ'. ಕಣ್ಣಿಗೆ ಸ್ವಾಹಿಲಿಯಲ್ಲಿ 'ಜಿಚೊ', ಲಿಂಗಾಲದಲ್ಲಿ 'ಲಿಸೊ', ಶೋನಾದಲ್ಲಿ 'ಜಿಸೊ', ಜೂಲುವಿನಲ್ಲಿ 'ಇಸೊ'. ತಿನ್ನು, ಸಾಯು, ಕಳುಹಿಸು, ಮಳೆ, ಚಂದ್ರ, ಮೇಕೆ, ನಾಯಿ ಹೀಗೆ ಅಡಿಗೆಮನೆಯಲ್ಲಿ, ಹೊಲದಲ್ಲಿ, ಸಾವಿನ ಮನೆಯಲ್ಲಿ ದಿನವೂ ಬೇಕಾಗುವ ನೂರಾರು ಮಾತುಗಳು ಇದೇ ಬಗೆಯಲ್ಲಿ ಒಂದನ್ನೊಂದು ಹೋಲುತ್ತವೆ. ಭಾಷೆಯಾವುದು, ಉಪಭಾಷೆಯಾವುದು ಎಂಬುದನ್ನು ಎಣಿಸುವ ಕ್ರಮಕ್ಕೆ ತಕ್ಕಂತೆ ಈ ಕುಟುಂಬದಲ್ಲಿ 400ರಿಂದ 600 ಭಾಷೆಗಳಿವೆ; ಅವುಗಳನ್ನಾಡುವವರು 30 ಕೋಟಿಗೂ ಮಿಗಿಲು. ವಿದ್ವಾಂಸರು ಇವಕ್ಕೆ ಇಟ್ಟ ಹೆಸರು ಬಂಟು ಭಾಷೆಗಳು.

ನಮ್ಮ ಕರಾವಳಿಯ ಬಂಟರಿಗೂ ಈ ಬಂಟು ಎಂಬುದಕ್ಕೂ ಯಾವ ಸಂಬಂಧವೂ ಇಲ್ಲವೆಂದು ಮೊದಲೇ ಹೇಳಿಬಿಡುವುದು ಕ್ಷೇಮ. ಇಂಗ್ಲಿಷ್ ಬರಹದ ಮೂಲಕ ಬಂದದ್ದರಿಂದ ನಾವು 'ಬಂಟು' ಎನ್ನುತ್ತೇವೆ. ಆ ಜನರ ಬಾಯಲ್ಲಿ ಅದು 'ಬಂತು' ಎಂಬುದಕ್ಕೆ ಹೆಚ್ಚು ಹತ್ತಿರ. 'ಮುಂತು' ಎಂದರೆ ಮನುಷ್ಯ, 'ಬಂತು' ಎಂದರೆ ಮನುಷ್ಯರು. ಜೂಲುವಿನಲ್ಲಿ 'ಉಮುಂತು, ಅಬಂತು'. ಸ್ವಾಹಿಲಿಯಲ್ಲಿ 'ಮ್ತು, ವಾತು'. ಸೋಥೋದಲ್ಲಿ 'ಮೊಥೊ, ಬಾಥೊ'. ಲಿಂಗಾಲದಲ್ಲಿ 'ಮೊತೊ, ಬಾತೊ'. ಶೋನಾದಲ್ಲಿ 'ಮುನ್ಹು, ವನ್ಹು'. ಕನ್ನಡದಲ್ಲಿ ಏಕವಚನ ಬಹುವಚನಗಳ ಗುರುತು ಪದದ ಬಾಲದಲ್ಲಿ ಅಂಟಿಕೊಂಡರೆ ಇಲ್ಲಿ ಅದು ಪದದ ತಲೆಯ ಮೇಲೆ ಕುಳಿತಿರುತ್ತದೆ. ಅಷ್ಟೇ ಅಲ್ಲ, ತಲೆಯನ್ನು ಬದಲಿಸಿದಂತೆ ಅರ್ಥವೂ ಬೇರೊಂದು ವರ್ಗಕ್ಕೆ ಸರಿಯುತ್ತದೆ. ಸ್ವಾಹಿಲಿಯಲ್ಲಿ 'ಮ್ತು' ಮನುಷ್ಯ, 'ಕೀತು' ವಸ್ತು, 'ಜೀತು' ದೈತ್ಯ, 'ಊತು' ಮನುಷ್ಯತ್ವ. ಎಲ್ಲಕ್ಕೂ ಧಾತು ಒಂದೇ. ರುವಾಂಡದ ಪಾದ್ರಿ ಮತ್ತು ವಿದ್ವಾಂಸ ಅಲೆಕ್ಸಿ ಕಗಾಮೆಯವರು 1956ರಲ್ಲಿ ಪ್ರಕಟಿಸಿದ ತಮ್ಮ ತತ್ತ್ವಶಾಸ್ತ್ರದ ಗ್ರಂಥದಲ್ಲಿ ಈ ವ್ಯಾಕರಣವನ್ನೇ ಆಧಾರವಾಗಿಟ್ಟುಕೊಂಡು, ಇರುವುದೆಲ್ಲವನ್ನೂ ಉಮುಂತು, ಇಕಿಂತು, ಅಹಂತು, ಉಕುಂತು ಎಂದು, ಅಂದರೆ ಮನುಷ್ಯ, ವಸ್ತು, ದೇಶಕಾಲ, ರೀತಿ ಎಂದು ನಾಲ್ಕಾಗಿ ವಿಂಗಡಿಸಿದರು. ವ್ಯಾಕರಣದಿಂದ ತತ್ತ್ವವನ್ನು ಹಿಂಡಿ ತೆಗೆಯುವುದು ಎಷ್ಟರಮಟ್ಟಿಗೆ ಸಾಧು ಎಂಬ ಚರ್ಚೆ ಇದ್ದೇ ಇದೆ. ಪದಕ್ಕೂ ಪದಾರ್ಥಕ್ಕೂ ಇರುವ ನಂಟನ್ನು ಕುರಿತು ಶತಮಾನಗಳ ಕಾಲ ವಾದ ಮಾಡಿದ ನಾಡಿನವರಾದ ನಮಗೆ ಅದು ಹೊಸದೇನಲ್ಲ.

ಈ ನೆಂಟಸ್ತಿಕೆ ಹೊರಗಿನವರ ಕಣ್ಣಿಗೆ ಬಿದ್ದ ಕಥೆ ಒಂದೇ ದಿನದ್ದಲ್ಲ. 1659ರಲ್ಲಿ ಬ್ರುಶೋಟ್ಟೋ ಎಂಬ ಇಟಲಿಯ ಕಪುಚಿನ್ ಸಂನ್ಯಾಸಿ ಕಾಂಗೋ ಭಾಷೆಗೆ ಲ್ಯಾಟಿನ್ನಿನಲ್ಲಿ ಒಂದು ವ್ಯಾಕರಣ ಬರೆದು ರೋಮಿನಲ್ಲಿ ಅಚ್ಚು ಹಾಕಿಸಿದನು. ನಾಮಪದಗಳನ್ನು ಅವುಗಳ ತಲೆಯ ಗುರುತಿನಿಂದ ವಿಂಗಡಿಸಬೇಕೆಂಬುದು ಆಗಲೇ ಅವನಿಗೆ ಹೊಳೆದಿತ್ತು. ಆದರೆ ಒಂದು ಭಾಷೆಯನ್ನು ಬಲ್ಲವನಿಗೆ ಕುಟುಂಬ ಕಾಣಿಸುವುದಿಲ್ಲ. ಕುಟುಂಬ ಕಾಣಬೇಕಾದರೆ ದೂರ ದೂರದ ಮಾತುಗಳು ಒಂದೇ ಜಗಲಿಯ ಮೇಲೆ ಬಂದು ಕೂರಬೇಕು. ಹಾಗೆ ಅವುಗಳನ್ನು ತಂದು ಕೂರಿಸಿದ್ದು, ಹೇಳಲು ಸಂಕಟವಾಗುತ್ತದೆ, ಗುಲಾಮರ ವ್ಯಾಪಾರ.

ಬ್ರಿಟಿಷ್ ಪಾರ್ಲಿಮೆಂಟು 1807ರಲ್ಲಿ ಗುಲಾಮ ವ್ಯಾಪಾರವನ್ನು ನಿಷೇಧಿಸಿದ ಮೇಲೆ ಅದರ ನೌಕಾಪಡೆ ಅಟ್ಲಾಂಟಿಕ್ಕಿನಲ್ಲಿ ಗುಲಾಮರ ಹಡಗುಗಳನ್ನು ಹಿಡಿದು, ಅವುಗಳಲ್ಲಿದ್ದವರನ್ನು ಸಿಯೆರಾ ಲಿಯೋನಿನ ಫ್ರೀಟೌನಿನಲ್ಲಿ ಇಳಿಸುತ್ತಿತ್ತು. ಸ್ವಾತಂತ್ರ್ಯವೇನೋ ಸಿಕ್ಕಿತು, ಊರು ಸಿಗಲಿಲ್ಲ. ಸೆನೆಗಲ್ಲಿನವರು, ನೈಜೀರಿಯದವರು, ಅಂಗೋಲದವರು, ಆಫ್ರಿಕದ ಇನ್ನೊಂದು ಬದಿಯ ಮೊಜಾಂಬಿಕ್ಕಿನವರು ಎಲ್ಲರೂ ಒಂದೇ ಪಟ್ಟಣದಲ್ಲಿ ಬಾಳಬೇಕಾಯಿತು. 1847ರಲ್ಲಿ ಅಲ್ಲಿಗೆ ಜಿಗಿಸ್ಮುಂಡ್ ಕೋಲ್ಲೆ ಎಂಬ ಜರ್ಮನ್ ಪಾದ್ರಿ ಬಂದನು. ಫೂರಾ ಬೇ ಕಾಲೇಜಿನಲ್ಲಿ ಪಾಠ ಹೇಳುತ್ತ, ಬಿಡುವಿನಲ್ಲಿ ಆತ ಈ ಜನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಸುಮಾರು 280 ಮಾತುಗಳ ಒಂದೇ ಪಟ್ಟಿಯನ್ನು ಎಲ್ಲರಿಂದಲೂ ಬರೆಸಿಕೊಂಡನು: ಎಣಿಕೆ, ಬಂಧುಗಳು, ಅಂಗಾಂಗಗಳು, ಮನೆಯ ಸಾಮಾನು, ಪ್ರಾಣಿಗಳು. 1854ರಲ್ಲಿ 'ಪಾಲಿಗ್ಲಾಟ ಆಫ್ರಿಕಾನ' ಎಂಬ ಹೆಸರಿನಿಂದ ಲಂಡನ್ನಿನಲ್ಲಿ ಅದು ಅಚ್ಚಾಯಿತು. 150ಕ್ಕೂ ಹೆಚ್ಚು ಭಾಷೆಗಳ ಮಾತುಗಳು ಅದರಲ್ಲಿ ಸಾಲುಸಾಲಾಗಿ ನಿಂತಿವೆ.

ಆ ಗ್ರಂಥದ ಪೀಠಿಕೆಯನ್ನು ಭಾಷಾಶಾಸ್ತ್ರದ ಗೊಡವೆಯಿಲ್ಲದವರೂ ಓದಬೇಕು. ಮಾತು ಕೊಟ್ಟ ಒಬ್ಬೊಬ್ಬನ ಹೆಸರು, ಹುಟ್ಟಿದ ಊರು, ಯಾವ ವಯಸ್ಸಿನಲ್ಲಿ ಹೇಗೆ ಸೆರೆಯಾದ, ಫ್ರೀಟೌನಿಗೆ ಬಂದು ಎಷ್ಟು ವರ್ಷವಾಯಿತು, ತನ್ನ ನುಡಿಯವರು ಅಲ್ಲಿ ಎಷ್ಟು ಮಂದಿ ಇದ್ದಾರೆ ಎಂಬುದನ್ನೆಲ್ಲ ಕೋಲ್ಲೆ ಗುರುತು ಹಾಕಿದ್ದಾನೆ. ಆತನಿಗೆ ಅದು ಸಾಕ್ಷಿಯ ಯೋಗ್ಯತೆಯನ್ನು ಅಳೆಯುವ ಕ್ರಮವಾಗಿತ್ತು. ನಾವು ಓದುವಾಗ ಅದು ಬೇರೆಯಾಗಿ ಕಾಣುತ್ತದೆ. ಸೆರೆಯಾಗಿ ಹತ್ತಾರು ವರ್ಷ ಕಳೆದ ಮನುಷ್ಯನೊಬ್ಬನು ಪರದೇಶದ ಪಾದ್ರಿಯ ಮುಂದೆ ಕುಳಿತು, ತಾಯಿಗೆ ಏನೆನ್ನುತ್ತಿದ್ದೆ, ಬೆಂಕಿಗೆ ಏನೆನ್ನುತ್ತಿದ್ದೆ ಎಂದು ನೆನಪಿನಿಂದ ಹೆಕ್ಕಿ ಹೆಕ್ಕಿ ಹೇಳುತ್ತಿದ್ದಾನೆ. ಪೂರ್ವ ಕರಾವಳಿಯ ಒಂದು ಭಾಷೆಯ ಹೆಸರು ಆ ಪುಸ್ತಕದಲ್ಲಿ 'ಮುಂತು' ಎಂದೇ ಇದೆ. ಅದು ಇಂದಿನ ಯಾವೊ ಭಾಷೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ನೀನು ಯಾವ ಜನ ಎಂದು ಕೇಳಿದ್ದಕ್ಕೆ ಅವನು 'ಮನುಷ್ಯ' ಎಂದು ಉತ್ತರ ಕೊಟ್ಟನೋ ಏನೋ. ಇದು ನನ್ನ ಊಹೆ ಮಾತ್ರ.

ಇಂಥ ಪಟ್ಟಿಗಳನ್ನೂ ದಕ್ಷಿಣದ ಭಾಷೆಗಳನ್ನೂ ಜೊತೆಗಿಟ್ಟು ನೋಡಿ ಕುಟುಂಬಕ್ಕೆ ಹೆಸರಿಟ್ಟವನು ವಿಲ್ಹೆಲ್ಮ್ ಬ್ಲೀಕ್. ಬರ್ಲಿನ್ನಿನಲ್ಲಿ ಹುಟ್ಟಿ, ಕೇಪ್‌ಟೌನಿನಲ್ಲಿ ಗ್ರಂಥಪಾಲಕನಾಗಿದ್ದ ಈತನ ತೌಲನಿಕ ವ್ಯಾಕರಣದ ಮೊದಲ ಭಾಗ ಬಂದದ್ದು 1862ರಲ್ಲಿ. ನಮ್ಮ ಕಡೆಯ ತಾರೀಖುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಸ್ವಾರಸ್ಯವಿದೆ. ಮದರಾಸಿನ ಎಲ್ಲಿಸ್ ತಮಿಳು, ತೆಲುಗು, ಕನ್ನಡಗಳು ಒಂದೇ ಮೂಲದವೆಂದು ತೋರಿಸಿದ್ದು 1816ರಲ್ಲಿ. ಕಾಲ್ಡ್‌ವೆಲ್ಲರ ದ್ರಾವಿಡ ವ್ಯಾಕರಣ 1856ರದು. ಎರಡು ಖಂಡಗಳಲ್ಲಿ ಒಂದೇ ತಲೆಮಾರಿನವರು ಒಂದೇ ಕೆಲಸದಲ್ಲಿ ತೊಡಗಿದ್ದರು.

ಬರಿಯ ಹೋಲಿಕೆ ಶಾಸ್ತ್ರವಾಗುವುದಿಲ್ಲ. 'ತಾತು' ಮತ್ತು 'ರಾರೊ' ಒಂದೇ ಎಂದರೆ ಕೇಳಿದವನು ನಕ್ಕಾನು. ಆದರೆ ಕಳುಹಿಸು ಎಂಬುದಕ್ಕೆ ಸ್ವಾಹಿಲಿಯಲ್ಲಿ 'ತುಮ', ಸೋಥೋದಲ್ಲಿ 'ರೊಮ'. ಮರ ಎಂಬ ಅರ್ಥದ 'ಮುತಿ' ಸೋಥೋದಲ್ಲಿ 'ಮೊರೆ' ಆಗಿ ಔಷಧಿ ಎಂಬ ಅರ್ಥದಲ್ಲಿ ನಿಂತಿದೆ. ಜೂಲುವಿನ 'ಉಮುಥಿ'ಗೂ ಮರ, ಮದ್ದು ಎರಡೂ ಅರ್ಥಗಳಿವೆ. ಅಂದಮೇಲೆ ಸೋಥೋ ಬಾಯಿಯಲ್ಲಿ ತಕಾರ ರೇಫವಾಗುವುದು ಒಂದು ನಿಯಮ. ಹಾಗಾದರೆ ಮನುಷ್ಯ ಎಂಬ ಮಾತು 'ಮೊರೊ' ಆಗದೆ 'ಮೊಥೊ' ಆದದ್ದೇಕೆ? ಅಲ್ಲಿ ತಕಾರದ ಹಿಂದೆ ನಕಾರವೊಂದು ಕಾವಲಿತ್ತು. ಅದು ತಕಾರವನ್ನು ಉಳಿಸಿ ತಾನು ಅಳಿಯಿತು. ಸಾವಿರಾರು ಮೈಲಿ ದೂರದ ಡುವಾಲವನ್ನು ನೋಡಿ: ಅಲ್ಲಿ ತಕಾರವು ಲಕಾರವಾಗುತ್ತದೆ. ಮೂರಕ್ಕೆ 'ಲಾಲೊ', ಲಿಂಗಾಲದಲ್ಲಿ 'ಬ್ವಾತೊ' ಎನಿಸುವ ದೋಣಿಗೆ ಅಲ್ಲಿ 'ಬೊಲೊ'. ಆದರೆ ಮನುಷ್ಯ ಮಾತ್ರ 'ಮೊತೊ'. ಇಲ್ಲಿಯೂ ನಕಾರದ ಕಾವಲು ತಕಾರವನ್ನು ಉಳಿಸಿದೆ. ಇಷ್ಟು ಕಟ್ಟುನಿಟ್ಟಾದ ಲೆಕ್ಕಾಚಾರ ಆಕಸ್ಮಿಕದಿಂದ ಒದಗುವುದಿಲ್ಲ. ನಾಯಿಯ ಕಥೆ ಇನ್ನೂ ವಿಚಿತ್ರ. ಶೋನಾದ 'ಇಂಬ್ವ', ಉತ್ತರ ಸೋಥೋದಲ್ಲಿ 'ಮ್ಪ್ಶ', ದಕ್ಷಿಣ ಸೋಥೋದಲ್ಲಿ 'ನ್ತ್ಜ', ಜೂಲುವಿನಲ್ಲಿ 'ಇಂಜ'. ಮೊದಲನೆಯದನ್ನೂ ಕೊನೆಯದನ್ನೂ ಮಾತ್ರ ಕೇಳಿದವನು ಎರಡಕ್ಕೂ ನಂಟಿದೆಯೆಂದು ನಂಬಲಾರ. ನಡುವಿನ ಮೆಟ್ಟಿಲುಗಳನ್ನು ಹತ್ತಿದವನು ನಂಬದಿರಲಾರ.

ಕನ್ನಡಿಗರಿಗೆ ಈ ಬಗೆಯ ನಿಯಮಗಳು ಅಪರಿಚಿತವಲ್ಲ. ಹಳಗನ್ನಡದ ಪಾಲ್, ಪುಲಿ, ಪೂ ಎಂಬವು ನಮ್ಮ ಬಾಯಲ್ಲಿ ಹಾಲು, ಹುಲಿ, ಹೂ ಆಗಿವೆಯಷ್ಟೆ. ಕೊಡು ಎಂಬುದಕ್ಕೆ ಸ್ವಾಹಿಲಿ, ಶೋನಾಗಳಲ್ಲಿ 'ಪ' ಎಂದಿರುವ ಧಾತು ರುವಾಂಡದಲ್ಲಿ 'ಹ', ಕೀನ್ಯದ ಗಿಕುಯು ಭಾಷೆಯಲ್ಲಿ 'ಹೆ' ಆಗಿದೆ. ಮೇಲೆ ಹೇಳಿದ ಕಗಾಮೆಯವರ 'ಅಹಂತು'ವಿನಲ್ಲಿರುವ ಹಕಾರವೂ ಮೂಲದಲ್ಲಿ ಪಕಾರವೇ. ನಮ್ಮ ಕಿವಿ ತೆಲುಗರಲ್ಲಿ 'ಚೆವಿ', ನಮ್ಮ ಕೆರೆ ಅವರಲ್ಲಿ 'ಚೆರುವು'. ಅದೇ ರೀತಿ ಭಾಷೆಯ ಹೆಸರಿಗೆ ಹಚ್ಚುವ 'ಕಿ' ಎಂಬ ತಲೆಗುರುತು ಕಿಸ್ವಾಹಿಲಿ, ಕಿಕಾಂಗೊಗಳಲ್ಲಿ ಕಕಾರವಾಗಿಯೇ ಉಳಿದು, ಮಲಾವಿಯ ಚಿಚೇವದಲ್ಲಿ ಚಕಾರವಾಗಿ, ಸೆಸೋಥೋ, ಇಸಿಜೂಲುಗಳಲ್ಲಿ ಸಕಾರವಾಗಿದೆ. ಇದರಿಂದ ಕನ್ನಡಕ್ಕೂ ರುವಾಂಡಕ್ಕೂ ನೆಂಟಸ್ತಿಕೆ ಹೇಳಲು ಯಾರೂ ಹೊರಡಬಾರದು. ಮನುಷ್ಯನ ನಾಲಗೆ, ತುಟಿ, ಗಂಟಲುಗಳು ಎಲ್ಲ ಕಡೆಯೂ ಒಂದೇ; ಅವು ಜಾರುವ ದಾರಿಗಳೂ ಒಂದೇ.

ಹೀಗೆ ಎಚ್ಚರಿಸುವುದಕ್ಕೆ ಕಾರಣವಿದೆ. ಎರಡು ಮಾತುಗಳು ಹೋಲಿದ ಮಾತ್ರಕ್ಕೆ ವಂಶವೃಕ್ಷ ಬರೆಯುವ ಚಟ ನಮ್ಮಲ್ಲಿ ಪ್ರಬಲವಾಗಿದೆ. ಕಾಂಗೋ, ಲಿಂಗಾಲಗಳಲ್ಲಿ ತಂದೆಗೆ 'ತಾತಾ' ಎನ್ನುತ್ತಾರೆ, ನಾವು ಅಜ್ಜನಿಗೆ ತಾತ ಎನ್ನುತ್ತೇವೆ. ಇದು ಹಸುಗೂಸಿನ ಬಾಯಿಗೆ ಮೊದಲು ದಕ್ಕುವ ಸದ್ದು, ಅದಕ್ಕೆ ಚರಿತ್ರೆಯಿಲ್ಲ. ಕೋಳಿಗೆ ಸ್ವಾಹಿಲಿಯಲ್ಲಿ 'ಕೂಕು', ಜೂಲುವಿನಲ್ಲಿ 'ಇಂಕುಖು', ಗಾಂಡಾದಲ್ಲಿ 'ಎಂಕೊಕೊ'. ಸರ್ ಹ್ಯಾರಿ ಜಾನ್‌ಸ್ಟನ್ ಎಂಬ ಬ್ರಿಟಿಷ್ ಆಡಳಿತಗಾರನು ಈ ಮಾತನ್ನು ಹಿಡಿದು, ಏಷ್ಯದ ಹಕ್ಕಿಯಾದ ಕೋಳಿಯು ಈಜಿಪ್ಟಿಗೆ ಬಂದದ್ದೇ ತಡವಾಗಿ, ಆದ್ದರಿಂದ ಬಂಟು ಜನ ಚದುರಿದ್ದು ಎರಡು ಸಾವಿರ ವರ್ಷಗಳಿಂದೀಚೆಗೆ ಎಂದು ವಾದಿಸಿದನು. ಸಂಸ್ಕೃತದ ಕುಕ್ಕುಟವನ್ನು ಬಲ್ಲ ನಮಗೆ ಈ ವಾದದ ಬಿರುಕು ಕೂಡಲೇ ಕಾಣುತ್ತದೆ. ಕೋಳಿ ತನ್ನ ಹೆಸರನ್ನು ತಾನೇ ಕೂಗಿ ಹೇಳುವ ಪ್ರಾಣಿ.

ಎರವಲು ಬಂದ ಮಾತುಗಳದು ಮತ್ತೊಂದು ಬಗೆ. ಸ್ವಾಹಿಲಿಯನ್ನು ಮೊದಲ ಬಾರಿಗೆ ಕೇಳುವ ಕನ್ನಡಿಗನು 'ವಕೀಲಿ', 'ಸಬೂನಿ', 'ದುಕ', 'ದವ', 'ಗಾರಿ' ಎಂಬ ಮಾತುಗಳಿಗೆ ಬೆರಗಾಗುತ್ತಾನೆ: ವಕೀಲ, ಸಾಬೂನು, ದುಕಾನು, ದವಾ, ಗಾಡಿ! ಇವು ಅರಬ್ಬಿ ಸಮುದ್ರದ ಎರಡು ದಡಗಳಿಗೂ ಹಡಗುಗಳು ಹಂಚಿದ ಸರಕು. ಸ್ವಾಹಿಲಿಯ ಆರು, ಏಳು, ಒಂಬತ್ತುಗಳು ಕೂಡ ಅರಬ್ಬಿಯವೇ. ಎರಡರಿಂದ ಐದರವರೆಗಿನ ಹೆಸರುಗಳನ್ನು ಬಂಟು ಭಾಷೆಗಳು ಹೆಚ್ಚುಕಡಮೆ ಒಟ್ಟಾಗಿ ಕಾಪಾಡಿಕೊಂಡು ಬಂದವು. ಆರರಿಂದ ಮುಂದೆ ಅವರವರ ದಾರಿ ಅವರವರಿಗೆ. ಜೂಲು ಮನುಷ್ಯನು ಒಂದು ಕೈಯ ಐದು ಬೆರಳು ಮುಗಿಸಿ ಇನ್ನೊಂದು ಕೈಯ ಹೆಬ್ಬೆರಳಿಗೆ ಬರುವುದರಿಂದ ಅವನಿಗೆ ಆರು ಎಂದರೆ ಹೆಬ್ಬೆರಳು, ಏಳು ಎಂದರೆ ತೋರುವ ಬೆರಳು. ಎಲ್ಲಕ್ಕಿಂತ ಸೊಗಸಾದ ಎರವಲು ಪುಸ್ತಕದ್ದು. ಅರಬ್ಬಿಯ 'ಕಿತಾಬ್' ಸ್ವಾಹಿಲಿಗೆ ಬಂದು 'ಕಿತಾಬು' ಆಯಿತು. ಮೊದಲ 'ಕಿ'ಯನ್ನು ಆ ಜನ ತಮ್ಮ ತಲೆಗುರುತೆಂ‌ದೇ ಬಗೆದರು. ಅದರ ಬಹುವಚನ 'ವಿ' ಅಲ್ಲವೆ? ಹಾಗಾಗಿ ಪುಸ್ತಕಗಳಿಗೆ 'ವಿತಾಬು' ಎಂದರು. ಮಾತು ಪರದೇಶದ್ದು, ಅದಕ್ಕೆ ತೊಡಿಸಿದ ರುಮಾಲು ಮಾತ್ರ ಮನೆಯದು. ಮೆಕ್ಕೆಜೋಳವನ್ನು ಸ್ವಾಹಿಲಿಯಲ್ಲಿ 'ಮಹಿಂದಿ' ಎನ್ನುತ್ತಾರೆ. ಹಿಂದ್ ದೇಶದ್ದು ಎಂದರ್ಥ. ನಮ್ಮ ಮೆಕ್ಕೆಜೋಳ ಎಂಬುದು ಮೆಕ್ಕಾದ ಜೋಳ, ಗೋವಿನಜೋಳ ಎಂಬುದು ಗೋವೆಯ ಜೋಳ ಎಂದು ವಿವರಿಸುವುದುಂಟು. ಬೆಳೆ ಹುಟ್ಟಿದ್ದು ಅಮೆರಿಕದಲ್ಲಿ. ಅವರು ನಮ್ಮ ಕಡೆಗೆ ಬೆರಳು ತೋರಿಸಿದರು, ನಾವು ಇನ್ನೊಬ್ಬರ ಕಡೆಗೆ.

ಈ ಜೊಳ್ಳನ್ನೆಲ್ಲ ತೂರಿದ ಮೇಲೆ ಉಳಿಯುವ ಕಾಳೇ ಚರಿತ್ರೆಗೆ ಸಾಮಗ್ರಿ. ಕಾರ್ಲ್ ಮೈನ್‌ಹೋಫ್ 1899ರಲ್ಲಿ ಧ್ವನಿನಿಯಮಗಳಿಗೆ ಬುನಾದಿ ಹಾಕಿದನು. ಲಂಡನ್ನಿನ ಮಾಲ್ಕಂ ಗಥ್ರಿ 1967ರಿಂದ 1971ರವರೆಗೆ ಹೊರತಂದ ನಾಲ್ಕು ಸಂಪುಟಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಾಮ್ಯಗಳನ್ನು ಕಲೆಹಾಕಿದನು. ಸಮಾನ ಧಾತುಗಳು ಅತಿ ಹೆಚ್ಚಾಗಿ ಉಳಿದಿರುವುದು ಖಂಡದ ನಡುವಿನ ಬೆಂಬಾ, ಲೂಬಾ ಭಾಷೆಗಳಲ್ಲಾದ್ದರಿಂದ ತವರು ಅಲ್ಲೇ ಎಂಬುದು ಅವನ ತೀರ್ಮಾನ. ಅಮೆರಿಕದ ಜೋಸೆಫ್ ಗ್ರೀನ್‌ಬರ್ಗ್ ಇದನ್ನು ಒಪ್ಪಲಿಲ್ಲ. ಬಂಟು ಕುಟುಂಬದ ಹತ್ತಿರದ ದಾಯಾದಿಗಳೆಲ್ಲ ನೈಜೀರಿಯ ಮತ್ತು ಕ್ಯಾಮರೂನಿನ ಗಡಿಯಲ್ಲಿ ಒತ್ತಾಗಿ ಸೇರಿಕೊಂಡಿದ್ದಾರೆ. ಮನೆಯಿಂದ ಹೊರಟ ಒಬ್ಬ ಮಗನ ಸಂತತಿ ಎಷ್ಟು ದೂರ ಹಬ್ಬಿದ್ದರೂ, ಅಣ್ಣತಮ್ಮಂದಿರು ಇರುವ ಕಡೆಯೇ ಹಳೆಯ ಮನೆಯಿರಬೇಕು ಎಂಬುದು ಅವನ ವಾದದ ತಿರುಳು. ಗೆದ್ದದ್ದು ಈ ವಾದ. ಈಗ ಸುಮಾರು 4,000ದಿಂದ 5,000 ವರ್ಷಗಳ ಹಿಂದೆ ಕ್ಯಾಮರೂನಿನ ಹುಲ್ಲುಗಾವಲ ಎತ್ತರದಿಂದ ಈ ನುಡಿ ಹೊರಟಿತೆಂದು ಬಹುಮಂದಿ ಒಪ್ಪುತ್ತಾರೆ.

ಹೊರಟಾಗ ಅವರ ಗಂಟಿನಲ್ಲಿ ಏನಿತ್ತು ಎಂಬುದನ್ನೂ ಮಾತುಗಳೇ ಹೇಳುತ್ತವೆ. ಗೆಣಸಿನ ಜಾತಿಯ ಗಡ್ಡೆ, ಎಣ್ಣೆತಾಳೆ, ಮೇಕೆ, ನಾಯಿ, ದೋಣಿ, ಮಡಕೆ ಇವುಗಳಿಗೆ ಹಳೆಯ ಸಮಾನ ಪದಗಳಿವೆ. ಕಬ್ಬಿಣದ ಕೆಲಸ, ಧಾನ್ಯದ ಬೇಸಾಯ, ದನಸಾಕಣೆಗಳ ಪರಿಭಾಷೆ ಅಷ್ಟು ಹಳೆಯದಲ್ಲ. ಅದರಲ್ಲಿ ಒಂದಷ್ಟು ಪೂರ್ವದ ಬಯಲಿಗೆ ಬಂದ ಮೇಲೆ ಅಲ್ಲಿದ್ದ ಬೇರೆ ಜನರಿಂದ ಕಲಿತದ್ದು. ಮಣ್ಣನ್ನು ತಿದ್ದಿ ಮಡಕೆ ಮಾಡುವುದಕ್ಕೆ ಗಾಂಡಾದಲ್ಲೂ ಜೂಲುವಿನಲ್ಲೂ 'ಬುಂಬ' ಎಂಬ ಧಾತುವಿದೆ. ಸ್ವಾಹಿಲಿಯಲ್ಲಿ ಅದು 'ಉಂಬ' ಆಗಿ, ಸೃಷ್ಟಿಸು ಎಂಬ ದೊಡ್ಡ ಅರ್ಥವನ್ನು ಹೊತ್ತಿದೆ. ದೇವರಿಗೆ ಅಲ್ಲಿ 'ಮೂಂಬ' ಎಂಬ ಹೆಸರೂ ಉಂಟು. ಗಿಕುಯು ಜನರ ಆದಿಮಾತೆಯ ಹೆಸರು ಮುಂಬಿ, ಅಂದರೆ ಮಣ್ಣಿನಿಂದ ರೂಪ ಕೊಡುವವಳು. ಸೃಷ್ಟಿಕರ್ತನನ್ನು ಕುಂಬಾರನೆಂದು ಬಗೆದ ನಾಡಿನವರಿಗೆ ಇದು ಹಿತವಾಗಿ ಕೇಳಿಸೀತು. ಆದರೆ 'ಕುಂಭ'ವನ್ನೂ 'ಬುಂಬ'ವನ್ನೂ ಹೊಸೆಯಲು ದಯವಿಟ್ಟು ಹೋಗಬೇಡಿ.

ಉಳಿದ ಮಾತುಗಳಷ್ಟೇ ಕಳೆದುಹೋದ ಮಾತುಗಳೂ ಕಥೆ ಹೇಳುತ್ತವೆ. ನೀರಿಗೆ ಸ್ವಾಹಿಲಿಯಲ್ಲಿ 'ಮಾಜಿ', ಜೂಲುವಿನಲ್ಲಿ 'ಅಮಾಂಜಿ'. ಶೋನಾದಲ್ಲಿ ಮಾತ್ರ 'ಮ್ವುರ', ಎಂದರೆ ಮಿಕ್ಕವರ ಮಳೆ. ದಕ್ಷಿಣದ ತುದಿಯ ಜೂಲು, ಖೋಸಾ ಭಾಷೆಗಳಲ್ಲಿ ನಾವು ಲೊಚಗುಟ್ಟುವಾಗ ಮಾಡುವಂಥ ಸದ್ದುಗಳು ವ್ಯಂಜನಗಳಾಗಿ ಕುಳಿತಿವೆ. ಅವು ಬಂಟುವಿನ ಆಸ್ತಿಯಲ್ಲ. ಮೊದಲೇ ಅಲ್ಲಿದ್ದ ಖೋಯ್ ಮತ್ತು ಸಾನ್ ಜನರಿಂದ ಬಂದವು. ಬಂದದ್ದು ಹೇಗೆಂಬುದಕ್ಕೆ ಒಂದು ವಿವರಣೆ ನಮ್ಮ ಮನೆಗಳಿಗೂ ಅನ್ವಯಿಸುವಂಥದು. ಆ ಸಮಾಜಗಳಲ್ಲಿ 'ಹ್ಲೊನಿಫ' ಎಂಬ ಮರ್ಯಾದೆಯ ಪದ್ಧತಿಯುಂಟು. ಸೊಸೆಯಾಗಿ ಬಂದವಳು ಮಾವನ ಹೆಸರನ್ನು ಹೇಳಬಾರದು. ಹೆಸರು ಮಾತ್ರವಲ್ಲ, ಆ ಹೆಸರಿನ ಅಕ್ಷರಗಳಿರುವ ದಿನಬಳಕೆಯ ಮಾತನ್ನೂ ಆಡಬಾರದು. ಗಂಡನ ಹೆಸರನ್ನು ಒಡಪಿನಲ್ಲಿ ಅಡಗಿಸಿ ಹೇಳಿದ ನಮ್ಮ ಅಜ್ಜಿಯರಿಗೆ ಈ ಕಷ್ಟ ಅರ್ಥವಾಗುತ್ತಿತ್ತು. ನಿಷಿದ್ಧವಾದ ಅಕ್ಷರದ ಜಾಗದಲ್ಲಿ ಆ ಹೆಂಗಸರು ನೆರೆಯವರ ಭಾಷೆಯ ಸದ್ದನ್ನು ತಂದಿಟ್ಟರು. ಮಕ್ಕಳು ತಾಯಿಯ ಮಾತನ್ನೇ ಕಲಿತರು. ಹೀಗೆಂದು ಕೆಲವು ವಿದ್ವಾಂಸರ ಊಹೆ. ಚರಿತ್ರೆಯ ಪುಸ್ತಕಗಳಲ್ಲಿ ಹೆಸರಿಲ್ಲದ ಆ ಸೊಸೆಯಂದಿರು ಒಂದು ಭಾಷೆಯ ಧ್ವನಿಯನ್ನೇ ಬದಲಿಸಿದರು ಎನ್ನುವ ಈ ಊಹೆ ನನಗಂತೂ ಪ್ರಿಯವಾದದ್ದು.

ನುಡಿಯ ನಂಟನ್ನು ರಕ್ತದ ನಂಟೆಂದು ತಿಳಿಯುವ ಅಪಾಯವೂ ಇದೆ. ಕ್ಯಾಮರೂನಿನ ಅದೇ ಎತ್ತರದಲ್ಲಿ ಶೂಮ್ ಲಾಕ ಎಂಬ ಬಂಡೆಯಾಸರೆಯಿದೆ. ಅಲ್ಲಿ ಹೂಳಲ್ಪಟ್ಟ ನಾಲ್ವರು ಮಕ್ಕಳ ಎಲುಬುಗಳಿಂದ ವಂಶವಾಹಿಗಳನ್ನು ತೆಗೆದು ಪರೀಕ್ಷಿಸಿದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಇಬ್ಬರು ಸುಮಾರು 8,000 ವರ್ಷ, ಇಬ್ಬರು ಸುಮಾರು 3,000 ವರ್ಷ ಹಿಂದಿನವರು. ಬಂಟು ನುಡಿಯ ತವರಿನಲ್ಲಿ ಹುಟ್ಟಿ ಸತ್ತ ಆ ಮಕ್ಕಳು ಹೋಲುವುದು ಇಂದಿನ ಬಂಟು ನುಡಿಯವರನ್ನಲ್ಲ, ಕಾಡಿನಲ್ಲಿ ಬೇಟೆಯಾಡಿ ಬದುಕುವ ಜನರನ್ನು. ಕಾಂಗೋ ಅರಣ್ಯದಲ್ಲಿ ಕ್ರಿ.ಶ. 400ರಿಂದ 600ರ ನಡುವೆ ಜನವಸತಿ ತೀರ ಕುಗ್ಗಿತ್ತೆಂದು 2021ರ ಇನ್ನೊಂದು ಅಧ್ಯಯನ ಹೇಳುತ್ತದೆ. ಅಂದರೆ ಒಂದೇ ಮಹಾಪ್ರವಾಹ ಹರಿದು ಬಂದಿತೆಂಬ ಚಿತ್ರ ಅಷ್ಟು ಸರಳವಲ್ಲ.

ಇಷ್ಟೆಲ್ಲ ಪಂಡಿತರ ಮಾತಾಯಿತು. ಇದರಿಂದ ಯಾರಿಗೇನು ಎಂದು ಕೇಳಬಹುದು. ದಕ್ಷಿಣ ಆಫ್ರಿಕದವರು ಹಾಗೆ ಕೇಳುವ ಸ್ಥಿತಿಯಲ್ಲಿರಲಿಲ್ಲ. 1948ರಲ್ಲಿ ಅಧಿಕಾರಕ್ಕೆ ಬಂದ ವರ್ಣಭೇದದ ಸರ್ಕಾರ ಬ್ಲೀಕನ ಶಾಸ್ತ್ರೀಯ ಪದವನ್ನು ಕಚೇರಿಯ ಮುದ್ರೆಯನ್ನಾಗಿ ಮಾಡಿಕೊಂಡಿತು. 1953ರಲ್ಲಿ ಕರಿಯರ ಮಕ್ಕಳಿಗೆ ಕೀಳು ಶಿಕ್ಷಣವನ್ನು ವಿಧಿಸಿದ ಕಾಯಿದೆಯ ಹೆಸರು ಬಂಟು ಶಿಕ್ಷಣ ಕಾಯಿದೆ. 1958ರಿಂದ ಅವರನ್ನು ಆಳುವ ಇಲಾಖೆಗೂ ಬಂಟು ಎಂಬ ಹೆಸರಿತ್ತು. ಕಾಗದಪತ್ರಗಳಲ್ಲಿ 'ಒಬ್ಬ ಬಂಟು', 'ಬಂಟುಗಳು' ಎಂದು ಬರೆದರು. 'ಒಬ್ಬ ಮನುಷ್ಯರು', 'ಮನುಷ್ಯರುಗಳು' ಎಂದ ಹಾಗೆ. ಮನುಷ್ಯರು ಎಂಬ ಅರ್ಥದ ಮಾತೇ ಮನುಷ್ಯರಲ್ಲ ಎನ್ನುವುದಕ್ಕೆ ಬಳಕೆಯಾಯಿತು. 1976ರ ಜೂನ್ 16ರಂದು ಸೊವೆಟೊದ ಶಾಲಾಮಕ್ಕಳು ಆಫ್ರಿಕಾನ್ಸ್ ಮಾಧ್ಯಮದ ಹೇರಿಕೆಯನ್ನು ಪ್ರತಿಭಟಿಸಿ ಬೀದಿಗಿಳಿದು ಗುಂಡಿಗೆ ಎದೆಯೊಡ್ಡಿದ್ದು ಆ ಶಿಕ್ಷಣದ ವಿರುದ್ಧವೇ. 1978ರಲ್ಲಿ ಸರ್ಕಾರ ಆ ಇಲಾಖೆಯಿಂದ ಬಂಟು ಎಂಬ ಹೆಸರನ್ನು ತೆಗೆದು 'ಪ್ಲೂರಲ್' ಸಂಬಂಧಗಳ ಇಲಾಖೆ ಎಂದು ಕರೆಯಿತು. ಪ್ಲೂರಲ್ ಎಂದರೆ ವ್ಯಾಕರಣದಲ್ಲಿ ಬಹುವಚನ. ಹಾಗಾದರೆ ನಾವೀಗ ಬಹುವಚನಗಳೋ ಎಂದು ಜನ ಗೇಲಿ ಮಾಡಿದರಂತೆ.

ಇನ್ನೊಂದು ಮೋಸ ಇದಕ್ಕಿಂತ ಆಳವಾದದ್ದು. ಡಚ್ಚರು 1652ರಲ್ಲಿ ಕೇಪಿನಲ್ಲಿ ಇಳಿದ ಕಾಲಕ್ಕೆ ಬಂಟು ನುಡಿಯವರೂ ಉತ್ತರದಿಂದ ಆಗ ತಾನೇ ಬರುತ್ತಿದ್ದರು, ನಾಡು ಖಾಲಿಯಿತ್ತು, ಆದ್ದರಿಂದ ಇಬ್ಬರಿಗೂ ಸಮಾನವಾದ ಹಕ್ಕು ಎಂದು ಅಲ್ಲಿನ ಶಾಲಾಪುಸ್ತಕಗಳು ಕಲಿಸಿದವು. ನೆಲವನ್ನು ಅಗೆದವರು ಬೇರೆಯೇ ಸಾಕ್ಷ್ಯ ಕೊಟ್ಟರು. ಲಿಂಪೋಪೋ ನದಿಯ ದಕ್ಷಿಣದಲ್ಲಿ ಕಬ್ಬಿಣ ಬಲ್ಲ ರೈತರು ಕ್ರಿ.ಶ. ಮೂರು, ನಾಲ್ಕನೆಯ ಶತಮಾನದ ಹೊತ್ತಿಗೇ ನೆಲೆಸಿದ್ದರು. ಲೈಡನ್‌ಬರ್ಗಿನಲ್ಲಿ ದೊರೆತ ಏಳು ಸುಟ್ಟಮಣ್ಣಿನ ತಲೆಗಳು ಸುಮಾರು ಕ್ರಿ.ಶ. 500ರಷ್ಟು ಹಳೆಯವು. ಹಲ್ಮಿಡಿ ಶಾಸನಕ್ಕೆ ನಾವು ಹೇಳುವ ಕಾಲಕ್ಕೆ ಅವು ದೂರವಲ್ಲ. ಮಾತುಗಳ ಲೆಕ್ಕವೂ ಇದನ್ನೇ ಹೇಳುತ್ತದೆ: 'ಇಂಬ್ವ' ಎಂಬುದು 'ಇಂಜ' ಆಗುವಷ್ಟು, ಸೋಥೋ ಮತ್ತು ಜೂಲು ಒಂದಕ್ಕೊಂದು ಅರ್ಥವಾಗದಷ್ಟು ಬೇರಾಗಲು ಒಂದೆರಡು ಶತಮಾನ ಸಾಲದು.

ಅದೇ ಧಾತುವಿಗೆ ಭಾವವಾಚಕದ ತಲೆಗುರುತು ಹಚ್ಚಿದರೆ ಜೂಲುವಿನಲ್ಲಿ 'ಉಬುಂತು', ಸೋಥೋದಲ್ಲಿ 'ಬೊಥೊ', ಶೋನಾದಲ್ಲಿ 'ಉನ್ಹು'. ಮನುಷ್ಯತನ ಎಂಬ ಈ ಮಾತು 1993ರಲ್ಲಿ ರಚಿತವಾದ ದಕ್ಷಿಣ ಆಫ್ರಿಕದ ಮಧ್ಯಂತರ ಸಂವಿಧಾನದ ಕೊನೆಯ ಭಾಗದಲ್ಲಿ, ಸೇಡಿಗೆ ಎದುರಾದ ಗುಣವಾಗಿ, ಅನುವಾದವಿಲ್ಲದೆ ಹಾಗೆಯೇ ಸೇರಿದೆ. ಕಚೇರಿಯ ಮುದ್ರೆಯಿಂದ ಕೊಳೆಯಾದ ಧಾತುವಿಗೆ ಕಾನೂನಿನಲ್ಲಿಯೇ ಮಡಿ ಮಾಡಿದಂತಾಯಿತು.

ಕೋಲ್ಲೆಗೆ ಮಾತು ಕೊಟ್ಟವರಲ್ಲಿ ಮೊಜಾಂಬಿಕ್ ಕರಾವಳಿಯವರೂ ಇದ್ದರೆಂದು ಹೇಳಿದೆನಷ್ಟೆ. ಅದೇ ಕರಾವಳಿಯಿಂದ ಬೇರೆ ಹಡಗುಗಳು ಇನ್ನೊಂದು ದಿಕ್ಕಿಗೆ, ಗೋವೆಗೂ ಗುಜರಾತಿನ ಬಂದರುಗಳಿಗೂ ಜನರನ್ನು ಸಾಗಿಸಿದವು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಾಡಿನಂಚಿನಲ್ಲಿರುವ ಸಿದ್ದಿಗಳು ಅವರ ಸಂತತಿ. ಅವರ ಪೂರ್ವಜರಲ್ಲಿ ಹೆಚ್ಚಿನವರು ಬಂಟು ನುಡಿಯ ನಾಡಿನವರೆಂಬುದನ್ನು 2011ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನಗಳು ತೋರಿಸಿವೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮನ್ನಣೆ ದೊರೆಯಿತು. ಆದರೆ ಇಲ್ಲಿ ಪಟ್ಟಿ ಮಾಡಿಕೊಳ್ಳಲು ಯಾವ ಕೋಲ್ಲೆಯೂ ಬರಲಿಲ್ಲ. ಗುಜರಾತಿನ ಸಿದ್ದಿಗಳು ತಮ್ಮ ಹಾಡು ಕುಣಿತಕ್ಕೆ 'ಗೋಮ' ಎನ್ನುತ್ತಾರೆ. ಅದು ಸ್ವಾಹಿಲಿಯ 'ಙೋಮ', ಗಾಂಡಾದಲ್ಲಿ ನಗಾರಿ, ಜೂಲುವಿನಲ್ಲಿ ಹಾಡು. ನಮ್ಮ ಸಿದ್ದಿಗಳ ವಾದ್ಯ ಡಮಾಮಿ. ಆ ಹೆಸರು ನಗಾರಿಯನ್ನು ಹೇಳುವ ಪರ್ಶಿಯನ್ ಮಾತಿಗೆ ಹತ್ತಿರವಾದದ್ದು. ಮನೆಯಲ್ಲಿ ಅವರು ಆಡುವುದು ಕೊಂಕಣಿ, ಕನ್ನಡ, ಉರ್ದು, ಮರಾಠಿಗಳನ್ನು. ಯಲ್ಲಾಪುರದ ಕಡೆಯ ಶಾಲೆಯಲ್ಲಿ ಸಿದ್ದಿಯ ಮಗು ಎಣಿಸುವುದು ಒಂದು, ಎರಡು, ಮೂರು ಎಂದೇ.